ಕುಳ್ಳರು ಕೊಟ್ಟ ಕೋಟು

"ಒಂದನೇ ತಾರೀಕಿನಿಂದ ಅಂಗಡಿಯಲ್ಲೇ ಕೂತು ಹೊಲಿಯೋದು. ನಾನು ಆಗಲೇ ಹೂಂ ಅಂದುಬಿಟ್ಟಿದ್ದೀನಿ," ಅಂದ ಮಗ. ಹೇಳಿದ್ದು ಹೆಂಡತಿಗೆ, ನೋಡಿದ್ದು ಉಪ್ಪಿನ ಡಬ್ಬಿಯನ್ನು.

ಅನ್ನ ಬಡಿಸುತ್ತಿದ್ದ ಸೊಸೆಯ ಕೈ ಅಲ್ಲೇ ನಿಂತಿತು. "ಯಾರು ಕೂತು?"

"ನೀನೇ. ಇನ್ಯಾರು, ಅಮ್ಮನ್ನ ಕೂರಿಸ್ತೀನಾ?"

"ನನ್ನನ್ನ ಕೇಳಿದ್ರಾ?"

"ಕೇಳೋಕೇನಿದೆ ಅದರಲ್ಲಿ? ಇಲ್ಲಿ ಮಾಡೋದನ್ನ ಅಲ್ಲಿ ಮಾಡೋದು. ಮೆಟ್ಟಿಲ ಕೆಳಗೆ ಜಾಗ ಮಾಡಿಕೊಡ್ತಾರಂತೆ. ಮಿಷನ್ ಅವರದು, ದಾರ ಅವರದು, ಸ್ಟೂಲೂ ಅವರದೇ."

"ಬೆನ್ನು ಮಾತ್ರ ನನ್ನದು."

"ಅಪ್ಪಾ, ಮೆಟ್ಟಿಲ ಕೆಳಗೆ ಜನ ಪೊರಕೆ ಇಡ್ತಾರೆ," ಅಂದಳು ಮೊಮ್ಮಗಳು. ಅವಳಿಗೆ ಬೀದಿಯವರು ಪಟಾಕಿ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

"ನೀನು ಊಟ ಮಾಡು."

ಅತ್ತೆ ಬಟ್ಟಲಿನ ಬೇಳೆಯನ್ನು ಅನ್ನಕ್ಕೆ ಸುರಿದುಕೊಂಡು ಕಲಸಿದರು. ಸೊಸೆ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಅಂದು ಪಾತ್ರೆಗಳು ತೊಳೆಸಿಕೊಂಡದ್ದಕ್ಕಿಂತ ಏಟು ತಿಂದದ್ದೇ ಹೆಚ್ಚು.

ಮಗನ ಮಾತು ಮೇಲ್ನೋಟಕ್ಕೆ ಸರಿಯೇ. ಅವನು ದೊಡ್ಡ ರಸ್ತೆಯ ರೆಡಿಮೇಡ್ ಅಂಗಡಿಯಲ್ಲಿ ಗಂಡಸರ ಬಟ್ಟೆಯ ವಿಭಾಗದವನು. ಅಲ್ಲಿ ಕೊಂಡ ಪ್ಯಾಂಟುಗಳು ಉದ್ದ ಕಡಿಮೆ ಮಾಡಿಸಿಕೊಳ್ಳಲು ಈ ಮನೆಯ ಮುಂಭಾಗದ ಕೋಣೆಗೆ, ಸೊಸೆಯ ಮಿಷನ್ನಿಗೆ ಬರುತ್ತಿದ್ದವು. ಈಗ ಮಾಲೀಕರು ಮೇಲೊಂದು ಮಹಡಿ ಕಟ್ಟಿಸಿದ್ದಾರೆ. ಅದರ ಉಸ್ತುವಾರಿ ಮಗನಿಗೆ. ಹೊರಗೆ ಕೊಡುವ ಕೆಲಸವನ್ನೆಲ್ಲ ಅಂಗಡಿಯೊಳಗೇ ಮಾಡಿಸುವುದು ಅಂತ ತೀರ್ಮಾನವಾಗಿದೆ. ಸೊಸೆ ಸ್ಟೂಲಿನ ಮೇಲೆ ಕೂರದಿದ್ದರೆ ಬೇರೆ ಯಾರೋ ಕೂರುತ್ತಾರೆ, ಮನೆಗೆ ಬರುವ ಪ್ಯಾಂಟುಗಳು ನಿಲ್ಲುತ್ತವೆ. ಇಷ್ಟೇ ಲೆಕ್ಕ.

ಆದರೆ ಸೊಸೆಗೊಂದು ಆಸೆ ಇತ್ತು, ಮಿಷನ್ನಿನ ಗಾಲಿಯ ಜೊತೆಗೇ ತಿರುಗುವ ಆಸೆ. ಒಂದೇ ಒಂದು ಉಡುಪನ್ನು ಮೊದಲಿಂದ ಕೊನೆಯವರೆಗೆ ತಾನೇ ಅಳತೆ ತೆಗೆದು, ತಾನೇ ಕತ್ತರಿ ಹಾಕಿ, ತಾನೇ ಹೊಲಿಯಬೇಕು. ಮದುವೆಯಾಗಿ ಬಂದಾಗ ಈ ಮನೆ ಕಟಿಂಗ್ ಮಾಸ್ಟರ ಮನೆ. ಮಾವ ಇಡೀ ಪೇಟೆಗೆ ಮಾಸ್ಟರು. ಅವರು ಸೊಸೆಗೆ ಗುಂಡಿಯ ಕಾಜಾ ಕಲಿಸಿದರು, ಇಸ್ತ್ರಿ ಕಲಿಸಿದರು, ಅಂಚು ಮಡಚುವುದು ಕಲಿಸಿದರು. ಕತ್ತರಿ ಹಾಕುವುದನ್ನು ಕೇಳಿದರೆ ಮಾತ್ರ "ಆಮೇಲೆ ನೋಡೋಣಮ್ಮ" ಅನ್ನುತ್ತಿದ್ದರು. ಆ ಆಮೇಲೆ ಬರುವ ಮೊದಲೇ ಹೋಗಿಬಿಟ್ಟರು. ಅವರ ಹಿಂದೆಯೇ ಹೊಸ ಬಟ್ಟೆ ತರುವ ಗಿರಾಕಿಗಳೂ ಹೋದರು. ಉಳಿದದ್ದು ಯಾರೋ ಕತ್ತರಿಸಿ ಯಾರೋ ಹೊಲಿದದ್ದನ್ನು ಬಿಚ್ಚುವುದು, ಗಿಡ್ಡ ಮಾಡುವುದು, ಮತ್ತೆ ಮಡಚಿ ಹೊಲಿಯುವುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಇವಳ ಜೀವನವೆಲ್ಲ ಜನರ ಕಾಲು ಇದ್ದಷ್ಟಕ್ಕೆ ಪ್ಯಾಂಟು ನಿಲ್ಲಿಸುವುದರಲ್ಲೇ ಹೋಯಿತು. ಮುಂಭಾಗದ ಕೋಣೆಯಲ್ಲಿದ್ದಾಗ ಕೊನೆಪಕ್ಷ ಆಸೆಪಡಲು ಜಾಗವಿತ್ತು. ಮೆಟ್ಟಿಲ ಕೆಳಗೆ ಅದೂ ಇರುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು.

ಕತ್ತರಿಸಿ ಉಳಿದ ಪ್ಯಾಂಟಿನ ತುದಿಗಳನ್ನು ಗಿರಾಕಿಗಳು ಯಾರೂ ವಾಪಸು ಕೇಳುವುದಿಲ್ಲ. ಬಳೆಯ ಹಾಗೆ ದುಂಡಗಿನ, ಗೇಣುದ್ದದ ಆ ತುಂಡುಗಳನ್ನು ಸೊಸೆ ಮೂಟೆಗೆ ತುಂಬುತ್ತಿದ್ದಳು. ಮೂಟೆಗೆ ಪಟಾಕಿ ಇಟ್ಟ ಹೆಸರು ಕುಳ್ಳರ ಕಾಣಿಕೆ. ಈಗ ಅಂಥ ಮೂಟೆಗಳು ಮಂಚದ ಕೆಳಗೆ ಸಾಲಾಗಿದ್ದವು.

*

ಮೇಲಿನ ಮಹಡಿಯ ಉದ್ಘಾಟನೆಗೆ ಮಗ ಕೋಟು ಹಾಕಿಕೊಂಡು ಹೋಗಬೇಕಾಗಿತ್ತು. ಅಂಗಡಿಯದ್ದೇ ಒಂದು ಹಾಕಿಕೋ ಅಂತ ಮಾಲೀಕರು ಹೇಳಿದ್ದರು. ಇವನು ಬೇಡವೆಂದ. ಟ್ರಂಕಿನಿಂದ ತನ್ನ ಮದುವೆಯ ಕೋಟನ್ನು ತೆಗೆದ. ಮಾಸ್ಟರು ಮಗನಿಗಾಗಿ ಹೊಲಿದ ಕಪ್ಪು ಕೋಟು ಅದು.

ಇದರ ಹಿಂದೆ ಒಂದು ನೋವಿದೆ. ಮಗ ರೆಡಿಮೇಡ್ ಅಂಗಡಿಗೆ ಸೇರಿದ ದಿನ ಮಾಸ್ಟರು, "ಅಳತೆ ತಗೊಳ್ಳದೆ ಬಟ್ಟೆ ಹಾಕೋದು ಹೆಣಕ್ಕೆ ಮಾತ್ರ. ಹೋಗು, ಮಾರು," ಅಂದಿದ್ದರು. ಆಮೇಲೆ ಮಗನ ಜೊತೆ ಮಾತು ಬಿಟ್ಟರು. ಮಾತು ಬಿಟ್ಟವರು ಹಾಗೇ ಕಣ್ಣು ಮುಚ್ಚಿದರು. ಆ ಅಂಗಡಿಯ ನಡುಮಧ್ಯೆ ಅಪ್ಪ ಹೊಲಿದ ಕೋಟು ಹಾಕಿಕೊಂಡು ನಿಲ್ಲಬೇಕು ಅನ್ನುವುದು ಮಗನ ಹಂಬಲ. ಬಾಯಿಬಿಟ್ಟು ಹೇಳುವವನಲ್ಲ, ಆದರೂ ಮನೆಯವರಿಗೆಲ್ಲ ಅರ್ಥವಾಗಿತ್ತು.

ತೊಡಕು ಒಂದೇ. ಮದುವೆಯಾದ ಹುಡುಗನಿಗೆ ಈಗ ಹೊಟ್ಟೆ ಬಂದಿತ್ತು.

"ಪಕ್ಕದ ಹೊಲಿಗೆ ಬಿಚ್ಚಿ ಸ್ವಲ್ಪ ಸಡಿಲ ಮಾಡು," ಅಂದ ಹೆಂಡತಿಗೆ. ಸ್ಟೂಲಿನ ಜಗಳ ಆರದೆ ಇದ್ದುದರಿಂದ ಅವಳು ಹೂಂ ಅನ್ನದೆ ಕೋಟನ್ನು ಇಸಿದುಕೊಂಡು ಅತ್ತೆಯ ಮಡಿಲಲ್ಲಿ ಹಾಕಿದಳು. ಬಿಚ್ಚುವುದು ಅತ್ತೆಯ ಕೆಲಸ. ಮಾಸ್ಟರ ಕಾಲದಿಂದಲೂ ಅಷ್ಟೆ. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಬ್ಲೇಡು ಹಿಡಿದು ಕೂತರೆ ಬಟ್ಟೆಗೆ ಗೀರು ಬೀಳದ ಹಾಗೆ ಹೊಲಿಗೆ ಬಿಚ್ಚುತ್ತಿದ್ದರು. ಕಣ್ಣು ಮಂದವಾದ ಮೇಲೂ ಬೆರಳಿನಲ್ಲೇ ನೋಡುತ್ತಿದ್ದರು.

"ಪಕ್ಕದ್ದು ಮಾತ್ರ ಅತ್ತೆ," ಅಂತ ಹೇಳಿ ಸೊಸೆ ಸಿದ್ಧವಾದ ಪ್ಯಾಂಟುಗಳನ್ನು ಅಂಗಡಿಗೆ ಕೊಡಲು ಹೋದಳು. ಬರುವಾಗ ತರಕಾರಿ ಕೊಂಡಳು, ದಾರಿಯಲ್ಲಿ ಸಿಕ್ಕವರ ಜೊತೆ ಗಂಡನನ್ನು ಬೈದಳು, ಸ್ವಲ್ಪ ಹಗುರಾಗಿ ಮನೆಗೆ ಬಂದಳು.

ಕೋಟು ಇರಲಿಲ್ಲ. ಮೇಜಿನ ಮೇಲೆ ಕಪ್ಪು ತುಂಡುಗಳು ನೀಟಾಗಿ ಸಾಲಾಗಿದ್ದವು. ತೋಳು ಎರಡು ಕಡೆ, ಕಾಲರು ಒಂದು ಕಡೆ, ಜೇಬು, ಒಳಬಟ್ಟೆ, ಭುಜದ ದಿಂಬು. ಪಕ್ಕದಲ್ಲಿ ದಾರದ ಚೂರುಗಳ ಉಂಡೆ.

"ಅತ್ತೆ! ಏನಿದು?"

ಅತ್ತೆ ಬ್ಲೇಡು ಕೆಳಗಿಟ್ಟರು. ಆಗಲೇ ಎಚ್ಚರವಾದವರ ಹಾಗೆ ಮೇಜಿನ ಕಡೆ ನೋಡಿದರು. "ಪಕ್ಕದ್ದೇ ಬಿಚ್ಚುತ್ತಿದ್ದೆ ಕಣೇ. ಅಲ್ಲಿಂದ ಕಂಕುಳಿಗೆ ಹೋಯ್ತು. ಕಂಕುಳಿಂದ ತೋಳಿಗೆ. ಒಳಗೆಲ್ಲ ಅವರ ಕೈಹೊಲಿಗೆ. ಮಿಷನ್ ಹೊಲಿಗೆ ಆದ್ರೆ ನಿಲ್ಲಿಸಬಹುದು. ಅವರದ್ದು ಒಂದು ಕಡೆ ಬೆರಳಿಗೆ ಸಿಕ್ಕಿದ್ರೆ ಮುಂದೆ ಎಲ್ಲಿಗೆ ಹೋಗ್ತಾರೆ ಅಂತ ನೋಡಬೇಕು ಅನ್ಸುತ್ತೆ."

ಸೊಸೆಗೆ ಕೂಗಾಡಬೇಕು ಅನ್ನಿಸಿತು. ಆದರೆ ಮುದುಕಿಯ ಮುಖ ನೋಡಿ ಬಾಯಿ ಬರಲಿಲ್ಲ. ಇಷ್ಟು ವರ್ಷದ ಮೇಲೆ ಗಂಡನ ಕೈ ಸಿಕ್ಕ ಹೆಂಗಸಿನ ಮುಖ ಅದು.

ಸಂಜೆ ಮಗ ಬಂದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಗಾದೆ ಹೇಳುವಷ್ಟು ಸಹನೆ ಅವನಿಗಿರಲಿಲ್ಲ.

"ಯಾರು ಮಾಡಿದ್ದು ಇದು?"

"ನಾನೇ ಕಣೋ," ಅಂದರು ಅತ್ತೆ.

"ಅಮ್ಮಾ, ಅಪ್ಪ ನನಗೆ ಅಂತ ಮಾಡಿದ್ದು ಅದೊಂದೇ ಇತ್ತು. ಅದೊಂದೇ!"

"ಅವಳು ಹೊಲೀತಾಳೆ ಬಿಡೋ."

"ಇವಳು? ಇವಳಿಗೆ ಪ್ಯಾಂಟಿನ ತುದಿ ಬಿಟ್ರೆ ಏನು ಬರುತ್ತೆ? ಕೋಟು ಅಂದ್ರೆ ತಮಾಷೆನಾ?"

"ತುದಿ ಬಿಟ್ಟು ಬೇರೇನೂ ಬರದಿರೋಳನ್ನ ನಿಮ್ಮ ಅಂಗಡಿಗೆ ಯಾಕೆ ಕರೀತೀರಿ?" ಅಂದಳು ಸೊಸೆ.

"ತುದಿ ಹೊಲಿಯೋಕೇ ಕರೆದಿದ್ದು!"

ತಟ್ಟೆಗೆ ಹಾಕಿದ್ದು ಹಾಗೇ ತಣ್ಣಗಾಯಿತು. ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಮರುದಿನದಿಂದ ಊಟಕ್ಕೆ ಬರುವುದು ಬಿಟ್ಟ, ಮಾತೂ ಬಿಟ್ಟ. ಮಾತು ಬಿಡುವುದು ಈ ಮನೆಯ ಗಂಡಸರಿಗೆ ರಕ್ತದಲ್ಲೇ ಬಂದದ್ದು.

*

ಸೊಸೆ ತುಂಡುಗಳನ್ನು ಮುಂಭಾಗದ ಕೋಣೆಯ ನೆಲದ ಮೇಲೆ ಹರಡಿದಳು. ಅವುಗಳನ್ನು ದಾಟದೆ ಯಾರೂ ಓಡಾಡುವ ಹಾಗಿರಲಿಲ್ಲ. ಕಸ ಗುಡಿಸುವವರು ಸುತ್ತ ಗುಡಿಸಿದರು. ಚಹಾ ಕುಡಿಯುವವರು ಗೋಡೆಗೆ ಅಂಟಿಕೊಂಡು ಕುಡಿದರು. ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತು ನೋಡಿಯೇ ನೋಡಿದಳು.

ಕೋಟಿನ ಹೊರಗನ್ನು ಜೀವಮಾನವೆಲ್ಲ ನೋಡಿದ್ದಳು. ಒಳಗನ್ನು ನೋಡಿದ್ದು ಈಗ. ಬೆನ್ನಿನ ತುಂಡು ತಾನಂದುಕೊಂಡ ಹಾಗೆ ನೇರವಾಗಿರದೆ ನಡುವಲ್ಲಿ ಸಣ್ಣಗೆ ಬಳುಕಿತ್ತು. ತೋಳಿನ ತಲೆ ಅದು ಕೂರಬೇಕಾದ ಕಂಡಿಗಿಂತ ದೊಡ್ಡದಿತ್ತು. ದೊಡ್ಡದನ್ನು ಚಿಕ್ಕದರಲ್ಲಿ ಕೂರಿಸುವುದು ಹೇಗಪ್ಪಾ ಅಂತ ಒಂದು ಮಧ್ಯಾಹ್ನ ಪೂರ್ತಿ ತಲೆ ಕೆಡಿಸಿಕೊಂಡಳು. ಕೊನೆಗೆ ಉತ್ತರ ಹೊಳೆದದ್ದು ಅಡುಗೆಮನೆಯಲ್ಲಿ. ಡಬ್ಬಿಯ ಬಾಯಿಗೆ ಬಟ್ಟೆ ಕಟ್ಟುವಾಗ ಅಂಚನ್ನು ಸುತ್ತಲೂ ಸ್ವಲ್ಪ ಸ್ವಲ್ಪ ಸುಕ್ಕು ಹಂಚುತ್ತಾ ಎಳೆಯುತ್ತೇವಲ್ಲ, ಹಾಗೆಯೇ. ಸುಕ್ಕು ಕಾಣದ ಹಾಗೆ ಹಂಚಿದರಾಯಿತು! ಒಲೆಯ ಮೇಲಿನ ಬೇಳೆ ಉಕ್ಕಿ ಹರಿದರೂ ಅವಳು ನಗುತ್ತಾ ನಿಂತಿದ್ದಳು.

"ಮೊದಲು ಯಾವುದನ್ನ ಜೋಡಿಸೋದು ಅತ್ತೆ? ಮಾವ ಎಲ್ಲಿಂದ ಶುರು ಮಾಡ್ತಿದ್ರು?"

"ನನಗೇನು ಗೊತ್ತು? ನನ್ನನ್ನ ಮೇಜಿನ ಹತ್ತಿರ ಬಿಡ್ತಿದ್ರಾ ಅವರು?"

"ಬಿಚ್ಚುವಾಗ ಮೊದಲು ಯಾವುದು ಬಂತು?"

"ಒಳಬಟ್ಟೆ ಬಂತು. ಆಮೇಲೆ ತೋಳು. ಆಮೇಲೆ ಕಾಲರು." ಅತ್ತೆ ಬೆರಳು ಮಡಚಿಕೊಂಡು ಹೋದರು. ಬಿಚ್ಚಿದ ಒಂದೊಂದು ತುಂಡೂ ಅದೇ ಕ್ರಮದಲ್ಲಿ ಅವರ ಬೆರಳಿಗೆ ನೆನಪಿತ್ತು. ಮೊದಲು ಬಿಚ್ಚಿಕೊಂಡದ್ದು ಕೊನೆಗೆ ಹೊಲಿದದ್ದು. ಅತ್ತೆ ಹೇಳಿದ್ದನ್ನು ಕೊನೆಯಿಂದ ಹಿಡಿದುಕೊಂಡು ಹೋದ ಸೊಸೆಗೆ ಮಾವನ ಕೆಲಸ ಮೊದಲ ಹೆಜ್ಜೆಯಿಂದ ಸಾಲಾಗಿ ಸಿಕ್ಕಿತು.

"ನಿಮಗೆ ಕೋಟು ಹೊಲಿಯೋಕೆ ಬರುತ್ತೆ ಅತ್ತೆ. ಹಿಂದುಮುಂದಾಗಿ ಬರುತ್ತೆ ಅಷ್ಟೆ," ಅಂದಳು ಸೊಸೆ. ಅತ್ತೆ ಮುಖ ತಿರುಗಿಸಿಕೊಂಡರು, ನಗುವುದು ಕಾಣದಿರಲಿ ಅಂತ.

ಮಾಸ್ಟರು ಗಿರಾಕಿಗಳ ಮುಂದೆ ಒಂದು ಮಾತು ಹೇಳುತ್ತಿದ್ದರು: ಹಳೆಯದಕ್ಕೆ ನನ್ನ ಕೈ ಮುಟ್ಟಿಸಬೇಡಿ, ನನ್ನದೇನಿದ್ದರೂ ಥಾನಿನಿಂದ, ಇಡೀ ಸುರುಳಿಯಿಂದ, ಹರಿದ ಹೊಸ ಬಟ್ಟೆ. ಆ ಮಹಾನುಭಾವರ ಕೋಟಿನ ಹೊಟ್ಟೆಯೊಳಗೆ ಈಗ ಏನೇನಿದೆ ಅಂತ ನೋಡಿದರೆ, ಎದೆಗೆ ಗಟ್ಟಿ ಬರಲು ಹಾಕಿದ್ದು ಹಿಟ್ಟಿನ ಚೀಲದ ಬಟ್ಟೆ. ಅರ್ಧ ಅಳಿಸಿದ ಗಿರಣಿಯ ಮುದ್ರೆ ಹಾಗೇ ಇತ್ತು. ಕಾಲರಿನ ಅಡಿಗೆ ನಾಲ್ಕು ಬೇರೆ ಬೇರೆ ಚೂರುಗಳ ಜೋಡಣೆ. ಭುಜದ ದಿಂಬನ್ನು ಬಿಡಿಸಿದರೆ ಕೆಂಪು ಪಟ್ಟೆಯ ಉಣ್ಣೆ ಹೊರಬಂತು.

ಅತ್ತೆ ಅದನ್ನು ಕಿತ್ತುಕೊಂಡು ಕಣ್ಣಿನ ಹತ್ತಿರ ಹಿಡಿದರು. "ಅಯ್ಯೋ, ಇದು ನನ್ನ ಕಂಬಳಿ! ಇವನ ಮದುವೆ ವರ್ಷ ಕಾಣೆಯಾದದ್ದು. ಬಟ್ಟೆ ಒಗೆಯೋಳ ಮೇಲೆ ಹೇಳಿ ಅವಳನ್ನ ಬಿಡಿಸಿಬಿಟ್ಟೆನಲ್ಲೇ! ಅವರೂ ನನ್ನ ಜೊತೆ ಸೇರಿ ಹುಡುಕಿದ್ರು!"

ಪಟಾಕಿ ನೆಲದ ಮೇಲೆ ಬಿದ್ದು ನಕ್ಕಳು. "ತಾತ ಕಳ್ಳ!"

ಅತ್ತೆಯೂ ನಕ್ಕರು. ನಗುತ್ತಾ ನಗುತ್ತಾ ಅಳುವುದಕ್ಕೆ ಶುರು ಮಾಡಿದರು. "ದುಡ್ಡು ಸಾಲದೆ ಹೋಗಿರಬೇಕು ಕಣೇ. ನನಗೆ ಹೇಳಲಿಲ್ಲ ನೋಡು," ಅಂದರು.

ಸೊಸೆ ಚೀಲದ ಬಟ್ಟೆಯನ್ನು ಕೈಯಲ್ಲಿ ಹಿಡಿದು ಕೂತಳು. ಇಷ್ಟು ವರ್ಷ ಅವಳು ಕಾದದ್ದು ಥಾನಿನ ಹೊಸ ಬಟ್ಟೆಗಾಗಿ. ಯಾರಾದರೂ ತಂದು ಮೇಜಿನ ಮೇಲೆ ಇಡುತ್ತಾರೆ, ಆಗ ತಾನು ಕತ್ತರಿ ಹಾಕುತ್ತೇನೆ ಅಂತ. ಮಾವನೇ ಹಾಗೆ ಕಾದವರಲ್ಲ. ಕೈಗೆ ಸಿಕ್ಕಿದ್ದು ಕಂಬಳಿಯಾದರೆ ಕಂಬಳಿ, ಚೀಲವಾದರೆ ಚೀಲ. ತನಗೆ ಮಾತ್ರ ಆಮೇಲೆ ಅಂದರಲ್ಲ ಅಂತ ಅವಳಿಗೆ ಸಿಟ್ಟೂ ಬಂತು, ಆ ಮನುಷ್ಯ ಎದುರಿಗೆ ಇರಬೇಕಿತ್ತು ಅಂತ ಸಂಕಟವೂ ಆಯಿತು.

*

ಮೊದಲ ಸಲ ಹೊಲಿದು ಮುಗಿಸಿದಾಗ ಮಗನನ್ನು ಕರೆದು ಹಾಕಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಪಟಾಕಿಯೇ ಹೋಗಿ, "ಅಪ್ಪಾ, ಮಾತಾಡಬೇಡ, ಕೈ ಮಾತ್ರ ತೂರಿಸು," ಅಂತ ಎಳೆದುಕೊಂಡು ಬಂದಳು.

ತೂರಿಸಿದ. ಎರಡು ಕೈಗಳೂ ಹಿಂದಕ್ಕೆ ಹೋದವು. ಮುಂದಕ್ಕೆ ತಂದರೆ ಕೋಟೇ ಜಗ್ಗುತ್ತದೆ. ಪೊಲೀಸರು ಹಿಡಿದುಕೊಂಡು ಹೋಗುವವನ ಹಾಗೆ ನಿಂತ.

"ಬಲಗೈದು ಎಡಕ್ಕೆ, ಎಡಗೈದು ಬಲಕ್ಕೆ ಹಾಕಿದ್ದೀನಿ," ಅಂದಳು ಸೊಸೆ ಸಣ್ಣ ದನಿಯಲ್ಲಿ.

"ಪರವಾಗಿಲ್ಲ ಅಪ್ಪಾ, ಮೇಲಿನ ಮಹಡೀಲಿ ಹಿಂದುಹಿಂದಕ್ಕೆ ನಡಿ," ಅಂದಳು ಪಟಾಕಿ.

ಮಗ ನಗಬಾರದು ಅಂತ ತುಟಿ ಕಚ್ಚಿದ. ಕಚ್ಚಿದರೂ ನಗು ಮೂಗಿನಿಂದ ಬಂತು. ಅಂದು ಮನೆಯಲ್ಲಿ ಊಟ ಮಾಡಿದ. ಸೊಪ್ಪಿಗೆ ಉಪ್ಪು ಕಡಿಮೆ ಅಂತಲೂ ಹೇಳಿದ. ಹೀಗೆ ಮಾತು ಮತ್ತೆ ಶುರುವಾಯಿತು.

ತೋಳುಗಳನ್ನು ಅತ್ತೆ ಮತ್ತೆ ಬಿಚ್ಚಿಕೊಟ್ಟರು. ಪಕ್ಕಗಳಿಗೆ ಬಟ್ಟೆ ಸಾಲದಿದ್ದಾಗ ಸೊಸೆ ಮಂಚದ ಕೆಳಗಿನ ಮೂಟೆ ಎಳೆದಳು. ಕಪ್ಪಿನಲ್ಲಿ ಎಷ್ಟು ಬಗೆ! ನೀಲಿ ಕಪ್ಪು, ಕಂದು ಕಪ್ಪು, ಒಗೆದು ಸೋತ ಕಪ್ಪು. ಕೋಟಿನ ಬಣ್ಣಕ್ಕೆ ಸರಿಹೋಗುವ ಎರಡು ತುಂಡನ್ನು ಹುಡುಕಿ, ಕಂಕುಳಿಂದ ಕೆಳಗೆ ಪಟ್ಟಿಯಾಗಿ ಕೂರಿಸಿದಳು. ಈ ಸಲ ಕೈಗಳು ಮುಂದಕ್ಕೆ ಬಂದವು, ಗುಂಡಿಯೂ ಹಾಕಲು ಬಂತು. ಮಗ ಕನ್ನಡಿಯ ಮುಂದೆ ಸುಮಾರು ಹೊತ್ತು ನಿಂತಿದ್ದ. ಚೆನ್ನಾಗಿದೆ ಅಂತ ಹೇಳಲಿಲ್ಲ. ಕೋಟನ್ನು ತೆಗೆದು ತಾನೇ ಹ್ಯಾಂಗರಿಗೆ ಹಾಕಿ, ಭುಜದ ಮೇಲೆ ಒಂದು ಸಲ ಕೈಯಾಡಿಸಿ ಹೋದ.

ಹರಡಿದ ಮೂಟೆಯನ್ನು ಸೊಸೆ ಮತ್ತೆ ಕಟ್ಟಲಿಲ್ಲ. ಒಂದು ದುಂಡು ತುಂಡನ್ನು ಬಿಚ್ಚಿ ಪಟ್ಟಿ ಮಾಡಿದಳು. ಇನ್ನೊಂದನ್ನು ಬಿಚ್ಚಿ ಅದಕ್ಕೆ ಜೋಡಿಸಿದಳು. ಮತ್ತೂ ಒಂದು.

"ಹನಿ ಹನಿ ಕೂಡಿದರೆ ಹಳ್ಳ," ಅಂದಳು ಪಟಾಕಿ. "ತುದಿ ತುದಿ ಕೂಡಿದರೆ ಏನಮ್ಮಾ?"

"ಥಾನು," ಅಂದಳು ಸೊಸೆ.

ಆ ವಾರವೆಲ್ಲ ಮನೆಯಲ್ಲಿ ಪ್ಯಾಂಟಿನ ತುದಿಗಳದ್ದೇ ಸಂಭ್ರಮ. ಒಗೆದದ್ದು ಹಗ್ಗದ ತುಂಬ, ಇಸ್ತ್ರಿ ಮಾಡಿದ್ದು ಮೇಜಿನ ತುಂಬ. ಪಟಾಕಿ ಕಾಲೇಜಿನಿಂದ ಬಂದು ತಿಳಿ ಬೂದಿಯಿಂದ ಕಡುಗಪ್ಪಿನವರೆಗೆ ಸಾಲು ಜೋಡಿಸುತ್ತಾ, "ಇದು ಬ್ಯಾಂಕಿನವನದು, ಇದು ಮೇಷ್ಟರದು, ಇದು ಹೊಸ ಮದುವೆ ಗಂಡು, ಪಾಪ ಎಷ್ಟು ಕುಳ್ಳ ನೋಡು," ಅಂತ ಕಥೆ ಕಟ್ಟುತ್ತಿದ್ದಳು. ಅಡುಗೆ ದಿನಾ ಒಂದೇ, ಅನ್ನ ಮತ್ತು ಬೇಯಿಸಿದ ಆಲೂಗಡ್ಡೆ.

"ಇನ್ನೂ ಎಷ್ಟು ದಿನ ಈ ಆಲೂಗಡ್ಡೆ?" ಅಂದ ಮಗ.

"ಒಂದನೇ ತಾರೀಕಿನವರೆಗೆ. ಆಮೇಲೆ ಅದನ್ನೂ ನೀವೇ ಬೇಯಿಸಿಕೊಳ್ಳಿ. ನಾನು ಮೆಟ್ಟಿಲ ಕೆಳಗೆ ಇರ್ತೀನಿ."

"ಯಾರಿಗೆ ಇದೆಲ್ಲ? ತೇಪೆ ಕೋಟು ಯಾರು ಹಾಕ್ಕೊಳ್ತಾರೆ?"

ಸೊಸೆಗೆ ಆ ಕ್ಷಣದವರೆಗೂ ಗೊತ್ತಿರಲಿಲ್ಲ. ಪ್ರಶ್ನೆ ಕೇಳಿದ ಮೇಲೆ ಕಿಟಕಿಯ ಕಡೆ ನೋಡಿದಳು. ಅತ್ತೆ ಚಳಿಗೆ ಹಳೆಯ ಶಾಲಿನ ಮೇಲೆ ಟವೆಲ್ ಹೊದ್ದುಕೊಂಡು ಕುರ್ಚಿಯಲ್ಲಿ ಮುದುಡಿ ಕೂತಿದ್ದರು.

*

"ಅತ್ತೆ, ಎದ್ದು ನಿಲ್ಲಿ. ಅಳತೆ ತಗೋಬೇಕು."

"ಯಾರದ್ದು?"

"ನಿಮ್ಮದು."

"ನನಗ್ಯಾಕೇ? ನಾಳೆ ಸಾಯೋಳಿಗೆ ಕೋಟು ಯಾಕೆ?"

"ನಾಳೆ ತಾನೇ? ಇವತ್ತು ಚಳಿ ಇದೆ. ನಿಲ್ಲಿ."

ಅತ್ತೆ ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ನಿಂತವರು ಹೊಟ್ಟೆಯನ್ನು ಒಳಗೆಳೆದುಕೊಂಡು, ಕತ್ತು ನೆಟ್ಟಗೆ ಮಾಡಿ, ಉಸಿರು ಬಿಗಿಹಿಡಿದರು. ಮಾಸ್ಟರ ಮುಂದೆ ಗಿರಾಕಿಗಳು ಹೀಗೇ ನಿಲ್ಲುತ್ತಿದ್ದುದನ್ನು ಅವರು ಒಳಬಾಗಿಲಿನಿಂದ ನೋಡುತ್ತಿದ್ದವರು.

"ಉಸಿರು ಬಿಡಿ ಅತ್ತೆ."

"ಬಿಟ್ರೆ ಅಳತೆ ಜಾಸ್ತಿ ಬರುತ್ತೆ."

"ಬರಲಿ. ಉಸಿರಾಡೋಕೆ ತಾನೇ ಹೊಲಿಯೋದು."

ಟೇಪು ಕತ್ತಿನ ಹಿಂದಿನಿಂದ ಭುಜಕ್ಕೆ ಬಂತು, ಭುಜದಿಂದ ಮಣಿಕಟ್ಟಿಗೆ ಇಳಿಯಿತು. "ತಣ್ಣಗಿದೆ," ಅಂದರು ಅತ್ತೆ. ಅವರ ಕಣ್ಣು ತುಂಬಿಕೊಂಡಿತ್ತು. "ನಲವತ್ತು ವರ್ಷ ಸಂಸಾರ ಮಾಡಿದೆ. ಒಂದು ದಿನ ನನಗೆ ಈ ಟೇಪು ಹಿಡೀಲಿಲ್ಲ ಅವರು. ಹೊರಗಿನ ಗಿರಾಕಿದು ಮುಗೀಲಿ, ಮನೆಯವಳದ್ದು ಆಮೇಲೆ ಆದ್ರೂ ಆಗುತ್ತೆ ಅಂತ. ಊರಿನ ಗಂಡಸರ ಎದೆ ಸೊಂಟ ಎಲ್ಲಾ ಬಾಯಿಪಾಠ. ನನ್ನ ಭುಜ ಎಷ್ಟಗಲ ಅಂತ ಗೊತ್ತಿರಲಿಲ್ಲ ಅವರಿಗೆ."

ಸೊಸೆ ಟೇಪನ್ನು ಬೆನ್ನಿನ ಮೇಲೆ ಹಿಡಿದವಳು, ಅಳತೆ ಸಿಕ್ಕ ಮೇಲೂ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು.

ಹಳೆಯ ಪೇಪರುಗಳ ಮೇಲೆ ಅವಳು ಗೆರೆ ಹಾಕಿದಳು. ಮಾವನ ಬೆನ್ನಿನ ಬಳುಕನ್ನು ನೆನಪಿನಿಂದ ತಂದಳು, ಆದರೆ ಅತ್ತೆಯ ಗೂನಿಗೆ ಅದು ಆಗುವುದಿಲ್ಲ. ಕುರ್ಚಿಯ ಬೆನ್ನಿಗೆ ದಿಂಬು ಕಟ್ಟಿ, ಅದರ ಮೇಲೆ ಪೇಪರು ಹೊದಿಸಿ, ಉಬ್ಬಿದ ಕಡೆ ಸೀಳಿ ಚೂರು ಸೇರಿಸಿದಳು. ಕಂಕುಳಿನ ದುಂಡಿಗೆ ಅನ್ನದ ಪಾತ್ರೆಯ ಮುಚ್ಚಳ. ಜೇಬಿನ ಮೂಲೆಗೆ ಚಹಾದ ಸಾಸರು. ತೋಳಿನ ಇಳಿಜಾರಿಗೆ ಯಾವ ಪಾತ್ರೆಯೂ ಒಗ್ಗದಿದ್ದಾಗ, ಪಟಾಕಿಯನ್ನು ಪಕ್ಕಕ್ಕೆ ಮಲಗಿಸಿ ಅವಳ ಸೊಂಟದ ಗೆರೆಯನ್ನೇ ಎಳೆದಳು.

ಮಾಸ್ಟರ ದೊಡ್ಡ ಕತ್ತರಿ ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿತ್ತು. ಅತ್ತೆ ತಾವೇ ಅದನ್ನು ತಂದು, ಗಂಭೀರವಾಗಿ ಸೊಸೆಯ ಕೈಗೆ ಕೊಟ್ಟರು. ಸೊಸೆ ಅದನ್ನು ಕಣ್ಣಿಗೊತ್ತಿಕೊಂಡು ಬಟ್ಟೆಗೆ ಹಚ್ಚಿದಳು. ಕತ್ತರಿ ಬಟ್ಟೆಯನ್ನು ಅಗಿಯಿತೇ ಹೊರತು ಕತ್ತರಿಸಲಿಲ್ಲ.

"ಅವರ ಹಾಗೇ ಹಟಮಾರಿ," ಅಂದರು ಅತ್ತೆ. ಕೊನೆಗೆ ಸೊಪ್ಪು ಕತ್ತರಿಸುವ ಕತ್ತರಿಯನ್ನೇ ತೊಳೆದು ಒರೆಸಿ ತಂದರು.

ಅದು ಚೆನ್ನಾಗಿ ಓಡಿತು. ಬೆನ್ನಿನ ಗೆರೆಯ ಮೇಲೆ ಕತ್ತರಿ ಮೊದಲ ಸಲ ಪೂರ್ತಿ ಮುಚ್ಚಿದಾಗ ಸೊಸೆಗೆ ತಡೆಯಲಾಗದೆ ಅಳು ಬಂತು. ಇಷ್ಟಕ್ಕಾ ಇಷ್ಟು ವರ್ಷ ಕಾದದ್ದು? ಇದನ್ನು ಎಂದೋ ಮಾಡಬಹುದಿತ್ತಲ್ಲ! ಕಣ್ಣೀರು ಬಟ್ಟೆಯ ಮೇಲೆ ಬೀಳದ ಹಾಗೆ ಮುಖ ಪಕ್ಕಕ್ಕೆ ಮಾಡಿಕೊಂಡು ಕತ್ತರಿಸಿದಳು.

*

ಉದ್ಘಾಟನೆ ತಿಂಗಳ ಕೊನೆಯ ದಿನ. ಮಗ ಅಪ್ಪನ ಕೋಟು ಹಾಕಿಕೊಂಡು ಹೋಗಿದ್ದವನು ಸಂಜೆ ಮುಖ ಅರಳಿಸಿಕೊಂಡು ಬಂದ.

"ಎಲ್ಲಾ ಕೇಳೋರೇ, ಯಾವ ಕಂಪನಿದು ಅಂತ. ನಮ್ಮಪ್ಪ ಹೊಲಿದದ್ದು ಅಂದೆ. ಅಂಗಡಿ ನಡುವೆ ನಿಂತು ಜೋರಾಗೇ ಅಂದೆ." ಬೂಟು ಬಿಚ್ಚುತ್ತಾ ದನಿ ಸ್ವಲ್ಪ ಒಡೆಯಿತು. "ಕೇಳಿಸಿಕೊಳ್ಳೋಕೆ ಅವರೊಬ್ಬರು ಇರಲಿಲ್ಲ."

ಮಗ ಬೂಟುಗಳನ್ನು ಗೋಡೆಯ ಪಕ್ಕ ಇಟ್ಟ. "ಮಾಲೀಕರು ಕೇಳಿದ್ರು. ನಾಳೆ ಬೆಳಿಗ್ಗೆ ಅಂಗಡಿ ತೆಗೆಯೋ ಹೊತ್ತಿಗೆ ನೀನು..." ಅಂತ ಹೆಂಡತಿಯ ಕಡೆ ತಿರುಗಿದವನು ಮಾತು ನಿಲ್ಲಿಸಿದ.

ಅತ್ತೆ ಒಳಗಿನಿಂದ ಬಂದು ನಿಂತಿದ್ದರು. ಮೈಮೇಲೆ ಕೋಟು. ಭುಜದಲ್ಲಿ ತಿಳಿ ಬೂದಿಯಾಗಿ ಶುರುವಾದದ್ದು ಇಳಿಯುತ್ತಾ ಇಳಿಯುತ್ತಾ ಕಪ್ಪಾಗಿ, ಅಂಚಿಗೆ ಬರುವಷ್ಟರಲ್ಲಿ ಕಾರ್ಗತ್ತಲಾಗಿತ್ತು. ಗೂನಿನ ಮೇಲೆ ಎಲ್ಲೂ ಎಳೆದಿರಲಿಲ್ಲ, ಎಲ್ಲೂ ಜೋತಿರಲಿಲ್ಲ. ಮುದುಕಿ ಎರಡು ಕೈಗಳನ್ನೂ ಜೇಬಿನಲ್ಲಿ ಇಳಿಬಿಟ್ಟುಕೊಂಡು, ಯಾರಾದರೂ ನಗುತ್ತಾರೇನೋ ಅಂತ ಎಲ್ಲರ ಮುಖವನ್ನೂ ನೋಡುತ್ತಿದ್ದರು.

ಮಗ ಎದ್ದ. ಅಮ್ಮನ ಸುತ್ತ ಒಂದು ಸುತ್ತು ಬಂದ. ಬಟ್ಟೆ ಮಾರುವವನ ಕಣ್ಣು ಅದು, ಸುಳ್ಳು ಹೇಳುವುದಿಲ್ಲ. ಬಾಯಿ ಮಾತ್ರ ಅಭ್ಯಾಸಬಲ. ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ, ಆಗಲಿ ಆಗದಿರಲಿ, ಕನ್ನಡಿಯ ಮುಂದೆ ನಿಂತ ಪ್ರತಿಯೊಬ್ಬ ಗಿರಾಕಿಗೂ ಹೇಳುವ ಮಾತೊಂದಿದೆ. ಈಗಲೂ ಅದೇ ಹೊರಟಿತು.

"ಅಮ್ಮಾ, ನಿನಗೇ ಹೇಳಿ ಮಾಡಿಸಿದ ಹಾಗಿದೆ."

"ನಾನೆಲ್ಲಿ ಹೇಳಿದೆ ಮಗನೇ?" ಅಂದರು ಅತ್ತೆ. ಕೋಟಿನ ತೋಳನ್ನು ಮೆಲ್ಲಗೆ ಸವರಿಕೊಂಡರು. "ನಲವತ್ತು ವರ್ಷ ಮಾಸ್ಟರ ಮಗ್ಗುಲಲ್ಲೇ ಇದ್ದೆ. ನನಗೂ ಒಂದು ಹೊಲಿದುಕೊಡಿ ಅಂತ ಒಂದು ಸಲ ಬಾಯಿಬಿಟ್ಟು ಹೇಳಲಿಲ್ಲ. ತಾವೇ ಕೇಳಲಿ ಅಂತ ನಾನು, ಇವಳೇ ಹೇಳಲಿ ಅಂತ ಅವರು. ಇದು ಹೇಳಿ ಮಾಡಿಸಿದ್ದಲ್ಲ ಕಣೋ. ಹೇಳದೆ ಇದ್ದಿದ್ದನ್ನ ಇವಳು ಮಾಡಿದ್ದು."

ಮಗ ತಲೆ ತಗ್ಗಿಸಿಕೊಂಡು ನಿಂತ. ತನ್ನ ಮೈಮೇಲಿದ್ದ ಕೋಟಿನ ಗುಂಡಿಯನ್ನು ಒಂದು ಸಲ ಬಿಚ್ಚಿದ, ಮತ್ತೆ ಹಾಕಿದ. ಆಮೇಲೆ ಹೆಂಡತಿಯನ್ನು ನೋಡಿದ. ಈ ಸಲ ಉಪ್ಪಿನ ಡಬ್ಬಿ ನಡುವೆ ಇರಲಿಲ್ಲ.

"ಆ ಸ್ಟೂಲು..." ಅಂದ. "ನಾಳೆ ಹೋಗಿ ಮಾಲೀಕರಿಗೆ ನಾನೇ ಹೇಳ್ತೀನಿ, ಅವಳಿಗೆ ಇಷ್ಟ ಇಲ್ಲ ಅಂತ. ಪ್ಯಾಂಟು ಬರೋದು ನಿಂತುಹೋಗುತ್ತೆ, ನಿನಗೆ ಗೊತ್ತಿದೆಯಲ್ಲ?"

"ಗೊತ್ತಿದೆ."

"ಹಾಗಾದ್ರೆ ಹೇಳ್ತೀನಿ."

"ಬೇಡ," ಅಂದಳು ಸೊಸೆ. "ನಾನೇ ಬಂದು ಹೇಳ್ತೀನಿ. ಈ ಮನೇಲಿ ಒಬ್ಬರಾದ್ರೂ ಬಾಯಿಬಿಟ್ಟು ಹೇಳೋದು ಕಲೀಲಿ."